ಮೋಟರನ್ನು ತೂಗಿ ನೋಡಿದವರು

ಯಂತ್ರದ ಶಕ್ತಿಯನ್ನು ಮಾರುವವನ ಬಾಯಲ್ಲಿ ಕೇಳುವುದು ಸುಲಭ. ಅಳೆದು ನೋಡುವವರು ಕಡಿಮೆ. ನಮ್ಮ ಮೋಟಾರು ವಾಹನ ನಿಯಮಗಳಲ್ಲಿ ಬ್ಯಾಟರಿ ಸೈಕಲ್ಲಿಗೆ ನೋಂದಣಿಯಿಂದ ವಿನಾಯಿತಿ ಸಿಗಬೇಕಾದರೆ ಇರುವ ಮುಖ್ಯ ಷರತ್ತುಗಳು ಎರಡು: ಮೋಟರಿನ ಮೂವತ್ತು ನಿಮಿಷದ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇರಬೇಕು, ವೇಗ ಗಂಟೆಗೆ 25 ಕಿ.ಮೀ. ಮುಟ್ಟಬಾರದು. ಆದರೆ ಚೀಟಿಯ ಮೇಲೆ ಅಚ್ಚಾದ ವ್ಯಾಟು ಬ್ಯಾಟರಿಯಿಂದ ಹೊರಟದ್ದೋ, ಶಾಫ್ಟಿನಲ್ಲಿ ನಿಜವಾಗಿ ಸಿಕ್ಕಿದ್ದೋ? ಈ ಪ್ರಶ್ನೆಗೆ ಇನ್ನೂರು ವರ್ಷಗಳ ಚರಿತ್ರೆಯಿದೆ. ಉತ್ತರ ಹುಡುಕಿದವರ ಸಲಕರಣೆಗಳು ಮಾತ್ರ ಅಚ್ಚರಿಯೆನಿಸುವಷ್ಟು ಅಗ್ಗ.

ಮೊದಲ ಹೆಸರು ಗಾಸ್ಪಾರ್ ದ ಪ್ರೋನಿಯದು. ಪ್ಯಾರಿಸ್ಸಿನ ಸೇತುವೆ ಮತ್ತು ರಸ್ತೆಗಳ ಎಂಜಿನಿಯರಿಂಗ್ ಶಾಲೆಯ ಮುಖ್ಯಸ್ಥನಾಗಿದ್ದ ಈತ 1821ರಲ್ಲಿ, ಅರವತ್ತು ದಾಟಿದ ಮೇಲೆ, ತಿರುಗುವ ಶಾಫ್ಟನ್ನು ಎರಡು ಮರದ ತುಂಡುಗಳ ನಡುವೆ ಬಿಗಿದ. ತುಂಡುಗಳಿಗೆ ಒಂದು ಉದ್ದನೆಯ ಸನ್ನೆಗೋಲು, ಅದರ ತುದಿಗೆ ತೂಕ. ಶಾಫ್ಟು ತುಂಡುಗಳನ್ನು ತನ್ನ ಜೊತೆ ಎಳೆದೊಯ್ಯಲು ನೋಡುತ್ತದೆ, ತೂಕ ಅದನ್ನು ತಡೆಯುತ್ತದೆ. ಸನ್ನೆಗೋಲು ಮಟ್ಟವಾಗಿ ನಿಂತಾಗ ತೂಕವನ್ನು ಗೋಲಿನ ಉದ್ದದಿಂದ ಗುಣಿಸಿದರೆ ಟಾರ್ಕ್ ಸಿಕ್ಕಿತು. ಮರಕ್ಕೂ ಕಬ್ಬಿಣಕ್ಕೂ ನಡುವಿನ ಘರ್ಷಣೆ ಎಷ್ಟೆಂದು ಗೊತ್ತಿರಬೇಕಾಗಿಲ್ಲ. ಪ್ರೋನಿಯ ಜಾಣತನವೆಲ್ಲ ಇರುವುದು ಇಲ್ಲೇ.

ವಿದ್ಯುತ್ ಮೋಟರು ಬಂದಾಗಲೂ ತೂಕವೇ ಸಾಕ್ಷಿಯಾಯಿತು. 1834ರಲ್ಲಿ ಮೋರಿಟ್ಸ್ ಯಾಕೋಬಿ ಕಟ್ಟಿದ ಮೋಟರು ಹತ್ತು ಹನ್ನೆರಡು ಪೌಂಡುಗಳನ್ನು ಸೆಕೆಂಡಿಗೆ ಒಂದು ಅಡಿ ಎತ್ತುತ್ತಿತ್ತು. ಇಂದಿನ ಲೆಕ್ಕದಲ್ಲಿ ಅದು ಸುಮಾರು 15 ವ್ಯಾಟ್.

ಪ್ರೋನಿಯ ಬ್ರೇಕು ಇವತ್ತಿಗೂ ಸತ್ತಿಲ್ಲ. ಎಲೆಕ್ಟ್ರಿಕಲ್ ಓದಿದವರಿಗೆ ಕಾಲೇಜಿನ ಲ್ಯಾಬು ನೆನಪಿರುತ್ತದೆ: ಡ್ರಮ್ಮಿನ ಮೇಲೆ ಬೆಲ್ಟು, ಎರಡು ಬದಿಗೆ ಸ್ಪ್ರಿಂಗ್ ತಕ್ಕಡಿ, ಬಿಸಿಯಾಗದಂತೆ ಡ್ರಮ್ಮಿನೊಳಗೆ ಸುರಿಯುವ ನೀರು. ಎರಡು ತಕ್ಕಡಿಗಳ ವ್ಯತ್ಯಾಸ 2 ಕೆ.ಜಿ., ಡ್ರಮ್ಮಿನ ತ್ರಿಜ್ಯ 10 ಸೆಂ.ಮೀ., ವೇಗ ನಿಮಿಷಕ್ಕೆ 1500 ಸುತ್ತು ಎಂದಾದರೆ, ಶಾಫ್ಟಿನಲ್ಲಿ ಸಿಗುವುದು ಸುಮಾರು 308 ವ್ಯಾಟ್.

ಆದರೆ ಬ್ರೇಕು ಎಲ್ಲ ಶಕ್ತಿಯನ್ನೂ ಶಾಖ ಮಾಡಿ ಸುಡುತ್ತದೆ. ಯಂತ್ರ ದೊಡ್ಡದಾದಷ್ಟೂ ಈ ಖರ್ಚು ಭಾರ. 1886ರಲ್ಲಿ ಇಂಗ್ಲೆಂಡಿನ ಜಾನ್ ಹಾಪ್ಕಿನ್ಸನ್ ಮತ್ತು ಅವನ ತಮ್ಮ ಎಡ್ವರ್ಡ್ ಬೇರೆ ದಾರಿ ತೋರಿಸಿದರು. ಒಂದೇ ತರದ ಎರಡು ಯಂತ್ರಗಳ ಶಾಫ್ಟುಗಳನ್ನು ಜೋಡಿಸಿ ಒಂದನ್ನು ಮೋಟರಾಗಿ, ಇನ್ನೊಂದನ್ನು ಜನರೇಟರಾಗಿ ಓಡಿಸಿದರು. ಜನರೇಟರಿನ ವಿದ್ಯುತ್ತು ಮೋಟರಿಗೇ ವಾಪಸು. ಹೊರಗಿನಿಂದ ತುಂಬಬೇಕಾದದ್ದು ನಡುವೆ ಸೋರಿಹೋದಷ್ಟನ್ನು ಮಾತ್ರ. 1898ರಲ್ಲಿ ಆಲ್ಪ್ಸ್ ಏರುವಾಗ ಜಾನ್ ತನ್ನ ಮೂವರು ಮಕ್ಕಳೊಂದಿಗೆ ತೀರಿಕೊಂಡ. ಪರೀಕ್ಷೆಗೆ ಅವನ ಹೆಸರು ಉಳಿಯಿತು.

1962ರಲ್ಲಿ ವಿಲ್ಸನ್ ಮತ್ತು ಟ್ರಿಕಿ ಎಂಬಿಬ್ಬರು ಬ್ರಷ್ಷಿನ ಕೆಲಸವನ್ನು ಅರೆವಾಹಕಗಳಿಗೆ ಒಪ್ಪಿಸಿದ ಡಿಸಿ ಯಂತ್ರವನ್ನು ಲೋಕದ ಮುಂದಿಟ್ಟರು. ಇಂದು ಸೀಲಿಂಗ್ ಫ್ಯಾನಿನಿಂದ ಸ್ಕೂಟರಿನವರೆಗೆ ಇರುವ ಬಿಎಲ್‌ಡಿಸಿ ಮೋಟರು ಅದೇ ವಂಶದ್ದು. ಅದನ್ನು ಮನೆಯ ಮೇಜಿನ ಮೇಲೆ ಪರೀಕ್ಷಿಸಲು ಹಾಪ್ಕಿನ್ಸನ್ ಜೋಡಿಯೇ ಸಾಕು. ಒಂದೇ ತರದ ಎರಡು ಮೋಟರು, ನಡುವೆ ಒಂದು ಕಪ್ಲಿಂಗು. ಎರಡನೆಯದರ ಮೂರು ತಂತಿಗಳಿಗೆ ರೆಕ್ಟಿಫೈಯರು, ಅದಕ್ಕೆ ಹ್ಯಾಲೊಜೆನ್ ಬಲ್ಬುಗಳು. ಅಳತೆಯನ್ನು ಎರಡೂ ಕಡೆ ಡಿಸಿ ಭಾಗದಲ್ಲೇ ಮಾಡಬೇಕು. ಕಂಟ್ರೋಲರು ತುಂಡರಿಸಿ ಕಳಿಸುವ ವಿದ್ಯುತ್ತನ್ನು ಅಗ್ಗದ ಮೀಟರು ಸರಿಯಾಗಿ ಓದುವುದಿಲ್ಲ. 400 ವ್ಯಾಟ್ ಒಳಹೋಗಿ ಬಲ್ಬುಗಳಿಗೆ 256 ಬಂದರೆ ಅನುಪಾತ 0.64. ನಷ್ಟ ಎರಡೂ ಕಡೆ ಸಮ ಎಂದುಕೊಂಡು ವರ್ಗಮೂಲ ತೆಗೆದರೆ 0.80. ಅಂದರೆ ಒಂದೊಂದು ಕಡೆಗೆ, ಕಂಟ್ರೋಲರು ಮತ್ತು ರೆಕ್ಟಿಫೈಯರಿನ ನಷ್ಟವೂ ಸೇರಿ, ಸುಮಾರು ಶೇ. 80ರ ದಕ್ಷತೆ. 400 ವ್ಯಾಟ್ ನುಂಗುವ ಮೋಟರು ಶಾಫ್ಟಿಗೆ ಕೊಟ್ಟದ್ದು 320.

ನಿಯಮದಲ್ಲಿ 'ಮೂವತ್ತು ನಿಮಿಷ' ಎಂಬ ಮಾತು ಏಕಿದೆ ಎಂಬುದೂ ಆ ಮೇಜಿನ ಮುಂದೆ ತಿಳಿಯುತ್ತದೆ. ಒಂದು ನಿಮಿಷ ಯಾವ ಮೋಟರೂ ಶೂರನೇ. ಅರ್ಧ ಗಂಟೆ ಕಳೆದು ಸುರುಳಿ ಕಾದ ಮೇಲೂ ಅದು ಕೊಡುತ್ತಿರುವುದೇ ಅದರ ನಿಜವಾದ ಶಕ್ತಿ.