ಕೋಳಿಯಿಲ್ಲದ ಕಾವು

ಹದಿನಾರನೇ ರಾತ್ರಿ ಕರೆಂಟು ಹೋಯಿತು.

ಫೆಬ್ರವರಿ ತಿಂಗಳ ಗಾಳಿ ಮಳೆ. ಎಲ್ಲೋ ಮರ ಬಿದ್ದು ತಂತಿ ಕಡಿದಿತ್ತು. ಅಮೆರಿಕದಲ್ಲಿ ಕರೆಂಟು ಹೋಗಲ್ಲ ಅಂತ ಊರಲ್ಲಿ ಹೇಳಿಕೊಂಡು ಬಂದ ನಮ್ಮಂಥವರಿಗೆ ಕ್ಯಾಲಿಫೋರ್ನಿಯಾ ಆಗಾಗ ಬುದ್ಧಿ ಕಲಿಸುತ್ತದೆ. ಬೇರೆ ದಿನವಾಗಿದ್ದರೆ ಹೊದ್ದು ಮಲಗುತ್ತಿದ್ದೆ. ಆ ರಾತ್ರಿ ಊಟದ ಮೇಜಿನ ಮೇಲೆ ಸ್ಟೈರೋಫೋಮ್ ಪೆಟ್ಟಿಗೆಯೊಂದರಲ್ಲಿ ಹತ್ತು ಮೊಟ್ಟೆಗಳಿದ್ದವು. ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು ಟಾರ್ಚ್ ಹಿಡಿದು ಥರ್ಮಾಮೀಟರ್ ಓದುತ್ತಿದ್ದಳು: ತೊಂಬತ್ತೊಂಬತ್ತು, ತೊಂಬತ್ತೇಳು, ತೊಂಬತ್ತೈದು.

ಊರಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ. ಅವ್ವ ನಕ್ಕಳು. "ಕರೆಂಟು ಹೋಯ್ತು ಅಂದ್ರೆ ನಿನ್ನ ಕೋಳಿ ಕಾವು ಬಿಟ್ಟು ಎದ್ದೋದಂಗೆ ಕಣಪ್ಪ. ಹೊದಿಸಿ ಇಡು, ಏನೂ ಆಗಲ್ಲ."

ಈ ಸಂಚಿಕೆ ಕೇಳುತ್ತಿರುವ ಮಕ್ಕಳಿಗೆ ಒಂದು ಪದ ಹೇಳಿಕೊಟ್ಟು ಮುಂದೆ ಹೋಗುತ್ತೇನೆ. 'ಕಾವು' ಅಂದರೆ ಬಿಸಿ, ಅದರಲ್ಲೂ ಹದವಾದ, ನಿಂತ ಬಿಸಿ. ಕೋಳಿ ಮೊಟ್ಟೆಯ ಮೇಲೆ ಕೂತರೆ 'ಕಾವಿಗೆ ಕೂತಿದೆ' ಅನ್ನುತ್ತೇವೆ. ಇದರ ಪಕ್ಕದಲ್ಲೇ 'ಕಾಯು' ಇದೆ. ನೀರು ಕಾಯುತ್ತದೆ, ನಾಯಿ ಮನೆ ಕಾಯುತ್ತದೆ, ನಾವು ಬಸ್ಸಿಗೆ ಕಾಯುತ್ತೇವೆ. ನಿಘಂಟಿನವರು ಇವನ್ನು ಬೇರೆ ಬೇರೆ ಧಾತು ಅಂತ ವಿಂಗಡಿಸಬಹುದು. ಮೊಟ್ಟೆಯ ಮುಂದೆ ಕೂತವರಿಗೆ ಮೂರೂ ಒಂದೇ ಕೆಲಸ.

ನಮ್ಮ ಅಜ್ಜಿ ಹಾಸನ ಜಿಲ್ಲೆಯ ಹಳ್ಳಿಯಲ್ಲಿ ಕೋಳಿ ಕಾವಿಗೆ ಕೂರಿಸುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಹಳೇ ಮಂಕರಿ, ಅದಕ್ಕೆ ಹುಲ್ಲು, ಹುಲ್ಲಿನ ಮೇಲೆ ಹನ್ನೊಂದೋ ಹದಿಮೂರೋ ಮೊಟ್ಟೆ. ಬೆಸ ಸಂಖ್ಯೆಯೇ ಆಗಬೇಕು, ಯಾಕೆ ಅಂತ ಕೇಳುವಂತಿಲ್ಲ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಒಂದು ಕಬ್ಬಿಣದ ಮೊಳೆ, ಒಂದು ಚೂರು ಇದ್ದಿಲು. ಕೋಳಿ ದಿನಕ್ಕೊಂದು ಸಲ ಎದ್ದು, ಕಾಳು ತಿಂದು, ನೀರು ಕುಡಿದು, ಹಿಕ್ಕೆ ಹಾಕಿ ಮತ್ತೆ ಬಂದು ಕೂರುವುದು. ಇಪ್ಪತ್ತೊಂದನೇ ದಿನ ಮಂಕರಿಯೊಳಗಿಂದ ಚಿಲಿಪಿಲಿ. ಇದರಲ್ಲಿ ಮನುಷ್ಯನ ಪಾಲು ಬಹಳ ಕಡಿಮೆ. ಹಾಗಿದ್ದರೆ ಕೋಳಿಯನ್ನೇ ಬಿಟ್ಟು ಮೊಟ್ಟೆಗೆ ಕಾವು ಕೊಡುವ ಯೋಚನೆ ಯಾರಿಗೆ, ಯಾಕೆ ಬಂತು?

ಅತಿ ಹಳೆಯ ಉತ್ತರ ಈಜಿಪ್ಟಿನದು. ಕ್ರಿ.ಪೂ. ನಾಲ್ಕನೇ ಶತಮಾನದಲ್ಲೇ ಅರಿಸ್ಟಾಟಲ್, ಈಜಿಪ್ಟಿನವರು ಮೊಟ್ಟೆಯನ್ನು ಗೊಬ್ಬರದ ರಾಶಿಯಲ್ಲಿ ಹೂತು ಮರಿ ಮಾಡುತ್ತಾರೆ ಎಂದು ಬರೆದ. ಅದರ ಜೊತೆಗೇ ಇನ್ನೊಂದು ಕಥೆಯನ್ನೂ ಸೇರಿಸಿದ್ದಾನೆ. ಸಿರಾಕ್ಯೂಸ್ ಊರಿನ ಕುಡುಕನೊಬ್ಬ ತನ್ನ ಚಾಪೆಯ ಕೆಳಗೆ ಮೊಟ್ಟೆ ಇಟ್ಟುಕೊಂಡು, ಅವು ಒಡೆದು ಮರಿ ಬರುವವರೆಗೂ ಎಡೆಬಿಡದೆ ಕುಡಿಯುತ್ತಿದ್ದನಂತೆ. ಇಪ್ಪತ್ತೊಂದು ದಿನ! ರೋಮಿನ ಪ್ಲಿನಿ ಹೇಳುವ ಕಥೆ ಇದಕ್ಕಿಂತ ಮರ್ಯಾದಸ್ಥರದು. ಚಕ್ರವರ್ತಿ ಆಗಸ್ಟಸ್‌ನ ಹೆಂಡತಿಯಾದ ಲಿವಿಯಾ, ಹಿಂದೆ ಟೈಬೀರಿಯಸ್‌ನ ಬಸುರಿಯಾಗಿದ್ದಾಗ, ಹುಟ್ಟುವುದು ಗಂಡೋ ಹೆಣ್ಣೋ ತಿಳಿಯಲು ಮೊಟ್ಟೆಯೊಂದನ್ನು ಎದೆಗೆ ಒತ್ತಿಟ್ಟುಕೊಂಡು ಕಾವು ಕೊಟ್ಟಳು. ತನಗೆ ಇಟ್ಟುಕೊಳ್ಳಲಾಗದ ಹೊತ್ತಿನಲ್ಲಿ, ಕಾವು ಆರದಂತೆ ದಾದಿಯ ಎದೆಗೆ ದಾಟಿಸುತ್ತಿದ್ದಳಂತೆ. ಹುಂಜ ಬಂತು, ಮಗನೂ ಬಂದ. ಈ ಕಥೆ ಹೇಳಿದ ಮೇಲೆ ನನ್ನ ಮಗಳು ಎರಡು ದಿನ ಫ್ರಿಜ್ಜಿನ ಮೊಟ್ಟೆಯೊಂದನ್ನು ಸ್ವೆಟರ್ ಒಳಗೆ ಇಟ್ಟುಕೊಂಡು ಓಡಾಡಿದಳು. ಅಂಗಡಿ ಮೊಟ್ಟೆಯಲ್ಲಿ ಮರಿ ಬರಲ್ಲ ಕಣೇ, ಅದಕ್ಕೆ ಹುಂಜದ ಸಂಗ ಆಗಿರಲ್ಲ ಅಂತ ಹೇಳಬೇಕಾಯಿತು. ಮುಂದಿನ ಪ್ರಶ್ನೆಗಳನ್ನು ಅವಳಮ್ಮನಿಗೆ ವರ್ಗಾಯಿಸಿದೆ.

ಗೊಬ್ಬರದ ರಾಶಿಯಿಂದ ಈಜಿಪ್ಟಿನವರು ಒಲೆಗೆ ಬಂದರು. ಇಟ್ಟಿಗೆಯ ಕಟ್ಟಡ, ನಡುವೆ ಉದ್ದನೆಯ ಓಣಿ, ಓಣಿಯ ಎರಡೂ ಬದಿಗೆ ಸಾಲು ಕೋಣೆ. ಪ್ರತಿ ಕೋಣೆಗೂ ಎರಡು ಅಂತಸ್ತು. ಕೆಳಗೆ ಮೊಟ್ಟೆ, ಒಂದೊಂದು ಕೋಣೆಗೆ ಸಾವಿರಗಟ್ಟಲೆ. ಮೇಲಂತಸ್ತಿನ ಅಂಚಿನ ಕಾಲುವೆಯಲ್ಲಿ ಸಗಣಿ, ಹುಲ್ಲು ಬೆರೆಸಿದ ಬೆರಣಿಯ ಬೆಂಕಿ. ಬೆರಣಿ ನಮಗೇನು ಹೊಸದಲ್ಲ. ಅದು ಜ್ವಾಲೆಯಿಲ್ಲದೆ, ಅವಸರವಿಲ್ಲದೆ ಉರಿಯುತ್ತದೆ ಅನ್ನುವುದೇ ಇಲ್ಲಿ ಮುಖ್ಯ.

ಥರ್ಮಾಮೀಟರ್ ಇಲ್ಲ. ಒಲೆಯವನು ಕೋಣೆಯೊಳಗೆ ತೆವಳಿ ಹೋಗಿ, ಮೊಟ್ಟೆಯೊಂದನ್ನು ಎತ್ತಿ ತನ್ನ ಮುಚ್ಚಿದ ರೆಪ್ಪೆಗೆ ತಾಗಿಸಿ ನೋಡುತ್ತಿದ್ದ. ಕಣ್ಣಿನ ರೆಪ್ಪೆಯ ಚರ್ಮ ಬಲು ತೆಳು. ಬಿಸಿ ಹೆಚ್ಚಾದರೆ ಮೇಲಿನ ಕಿಂಡಿ ತೆರೆಯುವುದು, ಕಡಿಮೆಯಾದರೆ ಮುಚ್ಚುವುದು. ಈಗ ನಮ್ಮ ಯಂತ್ರಗಳಲ್ಲಿ 99.5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 37.5 ಸೆಲ್ಸಿಯಸ್ ಅಂತ ಅಂಕಿಯಲ್ಲಿ ಕಾಣುವುದನ್ನು ಅವನು ರೆಪ್ಪೆಯಲ್ಲಿ ಓದುತ್ತಿದ್ದ.

ಅವನಿಗೆ ಗೊತ್ತಿದ್ದ ಇನ್ನೊಂದು ಸಂಗತಿ ನನ್ನ ಹದಿನಾರನೇ ರಾತ್ರಿಗೆ ನೇರವಾಗಿ ಸಂಬಂಧಿಸಿದ್ದು. ಸುಮಾರು ಹತ್ತು ದಿನದ ನಂತರ ಬೆಂಕಿ ಆರಿಸಿಬಿಡುತ್ತಿದ್ದರು. ಮೊಟ್ಟೆಗಳಲ್ಲಿ ಅರ್ಧವನ್ನು ಮೇಲಂತಸ್ತಿಗೆ ಹರಡುತ್ತಿದ್ದರು. ಯಾಕೆಂದರೆ ಆ ಹೊತ್ತಿಗೆ ಒಳಗಿನ ಮರಿಯೇ ಬಿಸಿ ಹುಟ್ಟಿಸಲು ಶುರು ಮಾಡಿರುತ್ತದೆ. ಸಾವಿರಾರು ಮೊಟ್ಟೆ ಒಂದೆಡೆ ಇದ್ದರೆ ಒಂದಕ್ಕೊಂದು ಕಾವು ಕೊಟ್ಟುಕೊಳ್ಳುತ್ತವೆ. ಹೊರಗಿನ ಬೆಂಕಿ ಆಮೇಲೆ ಬೇಕಿಲ್ಲ.

ಇದನ್ನು ಯುರೋಪಿಗೆ ವಿವರವಾಗಿ ತಿಳಿಸಿದವರಲ್ಲಿ ದೊಡ್ಡ ಹೆಸರು ಫ್ರಾನ್ಸಿನ ರೆಯೊಮ್ಯೂರ್. ಅವನ ಹೆಸರಿನ ಥರ್ಮಾಮೀಟರ್ ಮಾಪನವೇ ಇತ್ತು. ಕೃತಕ ಕಾವಿನ ಬಗ್ಗೆ 1749ರಲ್ಲಿ ಅವನು ದೊಡ್ಡ ಪುಸ್ತಕವನ್ನೇ ಪ್ರಕಟಿಸಿದ. ಪಿರಮಿಡ್ಡಿಗಿಂತ ಈ ಒಲೆಗಳ ಬಗ್ಗೆ ಈಜಿಪ್ಟ್ ಹೆಚ್ಚು ಹೆಮ್ಮೆ ಪಡಬೇಕು ಎಂಬರ್ಥದ ಮಾತು ಅದರಲ್ಲಿದೆ, ನಾನೂ ಅದಕ್ಕೆ ಸಹಿ ಹಾಕುತ್ತೇನೆ. ನೈಲ್ ನದಿಯ ಮುಖಜ ಭೂಮಿಯ ಬೆರ್ಮೆ ಎಂಬ ಹಳ್ಳಿಯವರು ಈ ವಿದ್ಯೆಯಲ್ಲಿ ಪಳಗಿದವರು, ಅಪ್ಪನಿಂದ ಮಗನಿಗೆ ಮಾತ್ರ ಹೇಳಿಕೊಡುತ್ತಾರೆ ಎಂದು ಅವನು ದಾಖಲಿಸಿದ. ಕರಾರು ಹೀಗಿತ್ತು: ಒಲೆಯವನ ಕೈಗೆ ಕೊಟ್ಟ ಪ್ರತಿ ಮೂರು ಮೊಟ್ಟೆಗೆ ಅವನು ಎರಡು ಮರಿ ಒಪ್ಪಿಸಬೇಕು. ಅದಕ್ಕಿಂತ ಹೆಚ್ಚು ಬಂದರೆ ಅವನ ಲಾಭ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ರೆಯೊಮ್ಯೂರ್ ಪ್ಯಾರಿಸ್ಸಿನಲ್ಲಿ ಪೀಪಾಯಿಗಳನ್ನು ಕುದುರೆ ಲದ್ದಿಯಲ್ಲಿ ಹೂತು ಪ್ರಯತ್ನಿಸಿದ, ಲದ್ದಿಯ ಹಬೆ ಮರಿಗಳನ್ನು ಕೊಲ್ಲುತ್ತಿತ್ತು. ರೊಟ್ಟಿ ಸುಡುವ ಒಲೆಯ ಬಿಸಿಯನ್ನೂ ಬಳಸಿ ನೋಡಿದ. ಮರಿ ಬಂದವು. ಆದರೂ ಈಜಿಪ್ಟಿನ ಒಲೆ ಯುರೋಪಿನಲ್ಲಿ ಬೇರು ಬಿಡಲಿಲ್ಲ. ನನಗನ್ನಿಸುವುದು, ಇಟ್ಟಿಗೆ ಲೆಕ್ಕ ಪುಸ್ತಕದಲ್ಲಿ ಬರುತ್ತದೆ, ರೆಪ್ಪೆಯ ಲೆಕ್ಕ ಬರುವುದಿಲ್ಲ. ಹವಾಮಾನವೂ ಬೇರೆ ಬಿಡಿ.

ರೆಪ್ಪೆಗೆ ಬದಲಿ ಹುಡುಕುವ ಕೆಲಸ ರೆಯೊಮ್ಯೂರ್‌ಗಿಂತ ನೂರು ವರ್ಷ ಮೊದಲೇ ಶುರುವಾಗಿತ್ತು. ಹಾಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬದುಕಿದ ಕಾರ್ನೆಲಿಸ್ ಡ್ರೆಬೆಲ್, ಹದಿನೇಳನೇ ಶತಮಾನದ ಆರಂಭದಲ್ಲಿ, ಬಿಸಿ ಏರಿದರೆ ಪಾದರಸವೇ ಏರಿ ಗಾಳಿಯ ಕಿಂಡಿ ಮುಚ್ಚಿ ಬೆಂಕಿ ತಗ್ಗಿಸುವಂಥ ಸಾಧನ ಮಾಡಿದ. ಮೊಟ್ಟೆ ಮರಿ ಮಾಡುವುದಕ್ಕೂ ಅದನ್ನು ಬಳಸಿದ. ನಿಮ್ಮ ಮನೆ ಗೋಡೆಯ ಮೇಲೆ ಹೀಟರ್‌ಗೆ ಥರ್ಮೋಸ್ಟಾಟ್ ಇದೆಯಲ್ಲ, ಅದರ ಮುತ್ತಜ್ಜ ಇದು. 1881ರಲ್ಲಿ ಲಂಡನ್ನಿನ ಚಾರ್ಲ್ಸ್ ಹಿಯರ್ಸನ್ ಸಣ್ಣ ಲೋಹದ ಬಿಲ್ಲೆಯೊಳಗೆ ಈಥರ್ ದ್ರವ ತುಂಬಿದ. ಬಿಸಿಗೆ ಬಿಲ್ಲೆ ಉಬ್ಬಿ ಸನ್ನೆಕೋಲು ಎತ್ತುತ್ತದೆ, ದೀಪದ ಬಿಸಿ ಹೊರಗೆ ಹೋಗುತ್ತದೆ. ಅಲ್ಲಿಂದಾಚೆಗೆ ರಾತ್ರಿ ಎದ್ದು ನೋಡುವ ಕೆಲಸ ತಪ್ಪಿತು.

ಇನ್ನು ನಮ್ಮ ನೆರೆಯ ಊರಿನ ಕಥೆ. ನಮ್ಮ ಮನೆಯಿಂದ ಪೆಟಲೂಮಾ ಅರ್ಧ ಗಂಟೆ ದಾರಿ. ಬೇ ಏರಿಯಾದ ಕನ್ನಡಿಗರಿಗೆ ಅದು ಔಟ್‌ಲೆಟ್ ಅಂಗಡಿಗಳ ಊರು. ಒಂದು ಕಾಲಕ್ಕೆ ಅದು ತನ್ನನ್ನು 'ಜಗತ್ತಿನ ಮೊಟ್ಟೆ ಬುಟ್ಟಿ' ಎಂದು ಕರೆದುಕೊಂಡಿತ್ತು. ಕೆನಡಾದಿಂದ ಬಂದ ಲೈಮನ್ ಬೈಸ್ ಮತ್ತು ಹಲ್ಲಿನ ವೈದ್ಯ ಐಸಾಕ್ ಡಯಾಸ್ 1879ರಲ್ಲಿ ಅಲ್ಲಿ ಇನ್‌ಕ್ಯುಬೇಟರ್ ತಯಾರಿಸಿದರು. ಹೆಸರು ಉಳಿದದ್ದು ಬೈಸ್‌ನದು. ಡಯಾಸ್ ಕೆಲವೇ ವರ್ಷಗಳಲ್ಲಿ ಬಾತುಕೋಳಿ ಬೇಟೆಯ ಅಪಘಾತದಲ್ಲಿ ತೀರಿಕೊಂಡ. ಊರಿನ ಮೊಟ್ಟೆ ನದಿಯ ದೋಣಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಿತ್ತು. ಇಂದಿಗೂ ವಸಂತದಲ್ಲಿ ಅಲ್ಲಿ ಬೆಣ್ಣೆ ಮತ್ತು ಮೊಟ್ಟೆಯ ಹಬ್ಬದ ಮೆರವಣಿಗೆ ನಡೆಯುತ್ತದೆ, ಮಕ್ಕಳು ಮರಿಕೋಳಿ ವೇಷ ಹಾಕಿಕೊಂಡು ಬರುತ್ತಾರೆ.

ಪೆಟಲೂಮಾದವರು ಸಾಕಿದ್ದು ಬಿಳಿ ಲೆಗ್‌ಹಾರ್ನ್. ಅದು ಕಾವಿಗೆ ಕೂರುವುದು ಅಪರೂಪ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ, ವ್ಯಾಪಾರಕ್ಕೆ ಅದು ನಷ್ಟ. ಹಿಂದೆ ಎಷ್ಟೇ ನಷ್ಟವಾದರೂ ಸಂತತಿ ಮುಂದುವರಿಯಲು ಕಾವಿನ ಕೋಳಿ ಬೇಕಿತ್ತು. ಯಂತ್ರ ಬಂದ ಮೇಲೆ ಬೇಡವಾಯಿತು. ಕೂರುವ ಗುಣವಿಲ್ಲದ ಕೋಳಿಗಳನ್ನೇ ಆರಿಸಿ ಆರಿಸಿ ತಳಿ ಬೆಳೆಸಿದರು. ನಮ್ಮಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಅಭಿವೃದ್ಧಿ ಮಾಡಿದ ಗಿರಿರಾಜ ಕೋಳಿ ಸಾಕಿದವರನ್ನು ಕೇಳಿ ನೋಡಿ, ಮರಿ ಬೇಕಾದರೆ ಅದರ ಮೊಟ್ಟೆಯನ್ನು ನಾಟಿ ಕೋಳಿಯ ಕೆಳಗೆ ಇಡುತ್ತೇವೆ ಅನ್ನುತ್ತಾರೆ. ಅಜ್ಜಿಯ ಹೇಂಟೆ ಯಾರೂ ಕಲಿಸದೆ ಮಾಡುತ್ತಿದ್ದ ಕೆಲಸ ಇಂದಿನ ಫಾರಂ ಕೋಳಿಗೆ ಗೊತ್ತೇ ಇಲ್ಲ.

ಮರಿ ಹುಟ್ಟುವ ಮುಂಚೆ ಮೊಟ್ಟೆಯ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಆ ಬುತ್ತಿಯಿಂದ ಎರಡು ಮೂರು ದಿನ ಅನ್ನ ನೀರಿಲ್ಲದೆ ಬದುಕಬಲ್ಲದು. ಗೂಡಿನಲ್ಲಿ ತಡವಾಗಿ ಹುಟ್ಟುವ ತಮ್ಮ ತಂಗಿಯರಿಗಾಗಿ ಅಮ್ಮ ಇನ್ನೂ ಎದ್ದಿರುವುದಿಲ್ಲವಲ್ಲ, ಅದಕ್ಕಾಗಿ ಇರುವ ಏರ್ಪಾಡು. ಅಮೆರಿಕದ ಅಂಚೆ ಇಲಾಖೆ 1918ರಿಂದ ಒಂದು ದಿನದ ಮರಿಗಳನ್ನು ರಟ್ಟಿನ ಡಬ್ಬದಲ್ಲಿ ಸಾಗಿಸುತ್ತಿರುವುದು ಇದೇ ಬುತ್ತಿಯ ಧೈರ್ಯದಿಂದ.

ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ತಟ್ಟುವುದು ಪ್ಯಾರಿಸ್ಸಿನ ಹೆರಿಗೆ ವೈದ್ಯ ತಾರ್ನಿಯೇ. 1870ರ ದಶಕದ ಕೊನೆಯಲ್ಲಿ ಅವನು ಅಲ್ಲಿನ ಪ್ರಾಣಿ ಉದ್ಯಾನದಲ್ಲಿ ಕೋಳಿಮರಿ ಮಾಡುವ ಪೆಟ್ಟಿಗೆ ನೋಡಿದ. ತಿಂಗಳು ತುಂಬದ ಶಿಶುಗಳು ಚಳಿಗೆ ಸಾಯುವುದನ್ನು ದಿನಾ ಕಾಣುತ್ತಿದ್ದವನು. ಆ ಪೆಟ್ಟಿಗೆ ಮಾಡಿದ ಓಡಿಲ್ ಮಾರ್ಟಿನ್ ಕೈಯಲ್ಲೇ ಶಿಶುಗಳಿಗೂ ಒಂದು ಮಾಡಿಸಿದ. 1880ರ ದಶಕದ ಆರಂಭದಲ್ಲಿ ಪ್ಯಾರಿಸ್ ಹೆರಿಗೆ ಆಸ್ಪತ್ರೆಯಲ್ಲಿ ಅದು ಬಳಕೆಗೆ ಬಂತು. ಮುಂದೆ ನ್ಯೂಯಾರ್ಕಿನ ಕೋನಿ ಐಲೆಂಡ್ ಜಾತ್ರೆಯಲ್ಲಿ ಮಾರ್ಟಿನ್ ಕೂನಿ ಎಂಬಾತ ಅಂಥ ಪೆಟ್ಟಿಗೆಗಳಲ್ಲಿ ಶಿಶುಗಳನ್ನಿಟ್ಟು, ನೋಡಲು ಬಂದ ಜನರಿಂದ ಟಿಕೆಟ್ ದುಡ್ಡು ವಸೂಲಿ ಮಾಡಿ, ಹೆತ್ತವರಿಂದ ಬಿಡಿಗಾಸೂ ಪಡೆಯದೆ ನಾಲ್ಕು ದಶಕ ಅವುಗಳನ್ನು ಉಳಿಸಿದ. ನನ್ನ ಮಗಳು ಹುಟ್ಟಿದ್ದು ಮೂವತ್ತೆರಡನೇ ವಾರಕ್ಕೆ. ಗಾಜಿನಾಚೆ ನಿಂತು ಡಿಗ್ರಿ ಓದುವ ಅಭ್ಯಾಸ ನನಗೆ ಆಗಿನಿಂದಲೇ ಇದೆ.

ಹದಿನಾರನೇ ರಾತ್ರಿಗೆ ಬರೋಣ. ಗ್ಯಾಸ್ ಒಲೆ ಇತ್ತು. ನೀರು ಕಾಯಿಸಿ ಬಾಟಲಿಗಳಿಗೆ ತುಂಬಿ ಪೆಟ್ಟಿಗೆಯ ಸುತ್ತ ಇಟ್ಟು, ಗಾಳಿಕಿಂಡಿ ಬಿಟ್ಟು ಉಳಿದದ್ದಕ್ಕೆಲ್ಲ ಕಂಬಳಿ ಸುತ್ತಿದೆವು. ಅಂಕಿ ತೊಂಬತ್ತೆರಡಕ್ಕೆ ಇಳಿದು ನಿಂತಿತು. ಐದು ಗಂಟೆ ಹೊತ್ತು ಅಲ್ಲೇ ಇತ್ತು. ಒಳಗಿನವೂ ತಮ್ಮ ಪಾಲಿನ ಕಾವು ಕೊಡುತ್ತಿದ್ದವು. ಮಗಳು ಒಂದು ಮೊಟ್ಟೆ ಎತ್ತಿ ರೆಪ್ಪೆಗೆ ಒತ್ತಿ, "ಅಪ್ಪಾ, ಪರವಾಗಿಲ್ಲ" ಅಂದಳು.

ನಾವು ಇಟ್ಟಿದ್ದು ಹನ್ನೆರಡು ಮೊಟ್ಟೆ. ಎಂಟನೇ ದಿನ ಟಾರ್ಚ್ ಹಿಡಿದು ನೋಡಿದಾಗ ಎರಡರಲ್ಲಿ ಕೆಂಪು ನರದ ಬಲೆ ಇರಲಿಲ್ಲ, ತೆಗೆದೆವು. ಹದಿನೆಂಟಕ್ಕೆ ಹೊರಳಿಸುವುದು ನಿಲ್ಲಿಸಿ ತೇವ ಹೆಚ್ಚಿಸಿದೆವು. ಕರೆಂಟಿನ ದೆಸೆಯಿಂದಲೋ ಏನೋ ಇಪ್ಪತ್ತೆರಡನೇ ದಿನ ಮೊದಲ ಚಿಪ್ಪು ಬಿರಿಯಿತು. ಸಂಜೆಯೊಳಗೆ ಏಳು ಮರಿ. ಎರಡು ಮೊಟ್ಟೆ ಸುಮ್ಮನೇ ಉಳಿದವು. ಹತ್ತನೆಯದು ರಂಧ್ರ ಮಾಡಿ, ಕೊಕ್ಕು ಕಾಣಿಸಿ, ಇಡೀ ರಾತ್ರಿ ಅಲ್ಲೇ ನಿಂತಿತ್ತು. ಬೆಳಗಿನ ಜಾವ ನನಗೆ ತಡೆಯಲಾಗಲಿಲ್ಲ. ಚಿಮುಟ ತಂದು ಚಿಪ್ಪು ಬಿಡಿಸಿದೆ. ಒಳಪೊರೆಯ ರಕ್ತನಾಳಗಳು ಇನ್ನೂ ಒಣಗಿರಲಿಲ್ಲ. ಒಂದು ಹನಿ ರಕ್ತ ಬಂತು, ಆಮೇಲೆ ಇನ್ನೂ ಬಂತು. ಮಗಳು ಏಳುವಷ್ಟರಲ್ಲಿ ಅದು ಹೋಗಿತ್ತು. ಅವಳಿಗೆ ನಿಜವನ್ನೇ ಹೇಳಿದೆ. "ಯಾಕೆ ಕಾಯಲಿಲ್ಲ?" ಅಂತ ಕನ್ನಡದಲ್ಲೇ ಕೇಳಿದಳು.

ಹನ್ನೆರಡು ಮೊಟ್ಟೆಗೆ ಬೆರ್ಮೆಯವನ ಕರಾರಿನ ಪ್ರಕಾರ ಎಂಟು ಮರಿ. ನನ್ನ ಹತ್ತಿರ ಏಳು.

ಅವ್ವನಿಗೆ ಫೋನ್ ಮಾಡಿದರೆ ಮೊದಲು ಕೇಳಿದ್ದು, "ಎಷ್ಟು ಹುಂಜ, ಎಷ್ಟು ಹೇಂಟೆ?" ಅದು ಗೊತ್ತಾಗಲು ವಾರಗಳು ಬೇಕು. ಹ್ಯಾಚರಿಗಳು ಅಷ್ಟು ಕಾಯುವುದಿಲ್ಲ. ಮೊದಲ ದಿನವೇ ಗಂಡು ಹೆಣ್ಣು ಬೇರೆ ಮಾಡುವ ವಿದ್ಯೆಯನ್ನು ಜಪಾನಿನವರು 1920ರ, 30ರ ದಶಕಗಳಲ್ಲಿ ಕಂಡುಕೊಂಡರು. ಮೊಟ್ಟೆ ಇಡುವ ತಳಿಯ ಗಂಡುಮರಿ ಯಾರಿಗೂ ಬೇಡ, ಆದ್ದರಿಂದ ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿ 2022ರ ಆರಂಭದಿಂದ ಅದನ್ನು ನಿಷೇಧಿಸಿದೆ. ಮೊಟ್ಟೆಯೊಳಗೇ ಗಂಡು ಹೆಣ್ಣು ಪತ್ತೆ ಮಾಡುವ ಯಂತ್ರಗಳು ಬರುತ್ತಿವೆ. ಒಂದಗುಳು ಚೆಲ್ಲದಂತೆ ಉಣ್ಣುತ್ತಿದ್ದ ಅಜ್ಜಿಗೆ ಈ ಪದ್ಧತಿಯನ್ನು ಹೇಗೆ ವಿವರಿಸುತ್ತಿದ್ದೆನೋ ಗೊತ್ತಿಲ್ಲ.

ಎರಡು ತಿಂಗಳಾದ ಮೇಲೆ ನಮ್ಮ ಏಳರಲ್ಲಿ ನಾಲ್ಕು ಹುಂಜ ಅಂತ ತಿಳಿಯಿತು. ನಮ್ಮ ಬಡಾವಣೆಯಲ್ಲಿ ಹುಂಜ ಸಾಕುವಂತಿಲ್ಲ. ಮೊಟ್ಟೆ ಕೊಟ್ಟಿದ್ದ ಪೆಟಲೂಮಾ ಕಡೆಯ ರೈತರೇ ವಾಪಸ್ ತೆಗೆದುಕೊಳ್ಳಲು ಒಪ್ಪಿದರು. ಕಾರಿನ ಹಿಂದೆ ರಟ್ಟಿನ ಡಬ್ಬ, ಡಬ್ಬದಲ್ಲಿ ನಾಲ್ಕು ಹುಂಜ, ಪಕ್ಕದಲ್ಲಿ ಮಗಳು. ಅವರು ಇವನ್ನು ಏನು ಮಾಡುತ್ತಾರೆ ಅಂತ ಅವಳು ದಾರಿಯುದ್ದಕ್ಕೂ ಕೇಳಲಿಲ್ಲ. ಫಾರಂ ಗೇಟಿನ ಹತ್ತಿರ ಒಂದು ಹುಂಜ ಡಬ್ಬದೊಳಗಿಂದಲೇ ಕೂಗಲು ಪ್ರಯತ್ನಿಸಿತು. ಒಡೆದ ಪೀಪಿಯ ಹಾಗೆ ಬಂತು ದನಿ.