ಬಿಲ್ಲು ಹಿಡಿದ ವಾರ್ಡು

ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರಲ್ಲಿ ಹೆಚ್ಚಿನವರು ಬದುಕಲಿಲ್ಲ. ಅವರನ್ನು ಬಲಿ ತೆಗೆದುಕೊಂಡದ್ದು ಬಹುಪಾಲು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಅಲ್ಲಾಡಿಸದೆ ಮಲಗಿಸಿಡುವುದೇ ಆಗ ದಯೆ ಎನಿಸಿಕೊಂಡಿತ್ತು. ನಾಜಿ ಜರ್ಮನಿಯಿಂದ 1939ರಲ್ಲಿ ಪಾರಾಗಿ ಬಂದ ಯಹೂದಿ ನರವೈದ್ಯ ಲುಡ್ವಿಗ್ ಗುಟ್ಮನ್, 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ವಿಭಾಗದ ಹೊಣೆ ಹೊತ್ತಾಗ ಈ ದಯೆಯನ್ನೇ ತಳ್ಳಿಹಾಕಿದರು. ಎರಡು ಗಂಟೆಗೊಮ್ಮೆ, ನಡುರಾತ್ರಿಯಲ್ಲೂ, ರೋಗಿಯ ಮಗ್ಗುಲು ಬದಲಿಸಬೇಕು. ಆದಷ್ಟು ಬೇಗ ಎಬ್ಬಿಸಿ ಕೂರಿಸಿ ಆಟಕ್ಕೆ ಹಚ್ಚಬೇಕು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಈ ಆಸ್ಪತ್ರೆಯಲ್ಲಿ 16 ಮಂದಿ ಗಾಯಾಳುಗಳು ಗಾಲಿಕುರ್ಚಿಯಲ್ಲಿ ಕೂತು ಬಿಲ್ಲು ಹಿಡಿದರು. ಇದನ್ನು ಪ್ಯಾರಾಲಿಂಪಿಕ್ಸ್‌ನ ಬೇರೆಂದು ಕೊಂಡಾಡುವ ಭರದಲ್ಲಿ, ಅದು ಮೊದಲಿಗೆ ಚಿಕಿತ್ಸೆಯಾಗಿತ್ತೆಂಬುದು ಮರೆತೇಹೋಗುತ್ತದೆ.

ಜೀವ ಉಳಿಸಿದ್ದು ಪೆನಿಸಿಲಿನ್ ಅಲ್ಲವೇ ಎಂದು ಕೇಳಬಹುದು. ಔಷಧದ ಪಾಲು ದೊಡ್ಡದೇ. ಆದರೆ ಬಾಸ್ಟನ್ನಿನಲ್ಲಿ ಡೊನಾಲ್ಡ್ ಮನ್ರೋ ಇಂಥ ಶಿಸ್ತಿನ ಆರೈಕೆಯನ್ನು 1930ರ ದಶಕದಲ್ಲೇ, ಪೆನಿಸಿಲಿನ್ ಆಸ್ಪತ್ರೆಗಳಿಗೆ ಬರುವ ಮುನ್ನವೇ, ಶುರುಮಾಡಿದ್ದರು. ಮೇಲಾಗಿ, ಸೋಂಕು ಗೆದ್ದು ದಶಕಗಟ್ಟಲೆ ಬದುಕಿದವರನ್ನು ಮುಂದೆ ಕಾಡಿದ್ದು ಹೃದಯ ಮತ್ತು ರಕ್ತನಾಳಗಳ ಕಾಯಿಲೆ. ಅದಕ್ಕೆ ಪೆನಿಸಿಲಿನ್ ಮದ್ದಲ್ಲ. ಗುಟ್ಮನ್ನರ ಆಟಗಳಿಗೂ ಇಲ್ಲೊಂದು ಮಿತಿಯಿತ್ತು, ಒಪ್ಪಬೇಕು. ಚಲನೆಯಿಲ್ಲದ ಕಾಲಿನಲ್ಲಿ ತೊಡೆಯ ಅಪಧಮನಿ ಕಿರಿದಾಗುತ್ತದೆ. ತೋಳಿನ ಕಸರತ್ತು ಹೃದಯಕ್ಕೆ ಒಳ್ಳೆಯದಾದರೂ ಆ ನಾಳವನ್ನು ಅಷ್ಟಾಗಿ ಬದಲಿಸದು. ನಂತರದ ಸಂಶೋಧಕರು ವಿದ್ಯುತ್ ಪ್ರಚೋದನೆಯಿಂದ ಕಾಲಿನ ಸ್ನಾಯುಗಳೇ ಪೆಡಲ್ ತುಳಿಯುವಂತೆ ಮಾಡಿದಾಗ ಕೆಲವೇ ವಾರಗಳಲ್ಲಿ ಅಪಧಮನಿ ಹಿಗ್ಗಿತು. ತುಳಿಯುವುದು ನಿಂತಾಗ ಮತ್ತೆ ಕುಗ್ಗಿತು.