ಸೀಸೆಯೊಳಗಿನ ಹಾವಿಗೆ ಊರು ಯಾವುದು?

ಮ್ಯೂಸಿಯಮ್ಮಿನ ಸೀಸೆಯಲ್ಲಿ ಕಾಪಿಟ್ಟ ವಿಷದ ಹಾವುಗಳ ಬಗ್ಗೆ ನಾನು ಹೇಳೋದು ಒಂದೇ ಮಾತು: ಹಾವಿನಷ್ಟೇ ಅದರ ಚೀಟಿಯೂ ಮುಖ್ಯ.

ಅಮೆರಿಕದ ರ‍್ಯಾಟಲ್‌ಸ್ನೇಕ್ ಬಾಲದ ಗಿಲಕಿ ಅಲ್ಲಾಡಿಸಿ ಎಚ್ಚರಿಸುತ್ತದೆ. ಆ ಹಾವು ನಮ್ಮ ದೇಶದಾಗ ಇಲ್ಲ. ನಮ್ಮ ಜಳಕೋಟದ ಕಡೆ ಇರೋದು ಗರಗಸ ಮಂಡಲ. ಮರಾಠಿಯವರು ಫುರಸೆ ಅಂತಾರ. ಅದು ಮೈ ಸುರುಳಿ ಸುತ್ತಿ, ಮಗ್ಗುಲಿನ ಗರಗಸದಂಥ ಹುರುಪೆಗಳನ್ನು ಒಂದಕ್ಕೊಂದು ತಿಕ್ಕಿ ಸದ್ದು ಮಾಡ್ತದ. ಮದ್ಯಸಾರದೊಳಗ ಗಿಲಕಿ ಉಳಿತದ, ಹುರುಪೆಯೂ ಉಳಿತದ. ಸದ್ದು ಉಳಿಯೋದಿಲ್ಲ, ಬಣ್ಣ ಮಾಸ್ತದ. ಆ ಹಾವು ಎಲ್ಲಿಯದು, ಅಲ್ಲಿಯ ಜನ ಅದನ್ನ ಏನಂತ ಕರೀತಿದ್ರು ಅನ್ನೋದನ್ನ ಚೀಟಿಯೇ ಹೇಳಬೇಕು.

ಮೊದಲು ಹೆಸರಿನ ಸಂಗತಿ. ಕೋರಮಂಡಲ ಕರಾವಳಿಯ ಹಾವುಗಳನ್ನು ಸಂಗ್ರಹಿಸಿದ ವೈದ್ಯ ಪ್ಯಾಟ್ರಿಕ್ ರಸೆಲ್ 1796ರಲ್ಲಿ ತನ್ನ ಗ್ರಂಥ ಹೊರತಂದ. ಅದರಲ್ಲಿ ಸ್ಥಳೀಯರ ಹೆಸರುಗಳನ್ನೇ ದಾಖಲಿಸಿದ. ಅವನು ಬರೆದ ‘ಬಂಗಾರಮ್ ಪಾಮ’ದಿಂದಲೇ ಕಟ್ಟಹಾವಿನ ಕುಲಕ್ಕೆ ‘ಬಂಗಾರಸ್’ ಎಂಬ ವೈಜ್ಞಾನಿಕ ಹೆಸರು ಬಂತು. ಗರಗಸ ಮಂಡಲವನ್ನು ‘ಹೊರಟ್ಟ ಪಾಮ್’ ಎಂದು ಬರೆದಿದ್ದ. ಅದನ್ನು ಹಿಡಿದು ಜಾರ್ಜ್ ಶಾ 1802ರಲ್ಲಿ ‘ಬೋವಾ ಹೊರಟ್ಟ’ ಎಂದು ಹೆಸರಿಟ್ಟ. ಆದರೆ 1801ರಲ್ಲೇ ಶ್ನೈಡರ್ ‘ಕ್ಯಾರಿನೇಟ’ ಎಂದು ಕರೆದಾಗಿತ್ತು. ಮೊದಲು ಇಟ್ಟ ಹೆಸರೇ ನಿಲ್ಲುವುದು ನಿಯಮ. ಒಂದು ವರ್ಷದ ಅಂತರದಲ್ಲಿ ಜನರ ಮಾತು ಸಮಾನಾರ್ಥಕಗಳ ಪಟ್ಟಿ ಸೇರಿತು.

ಇನ್ನು ಊರು. ಉದಗೀರ, ನಿಲಂಗಾ, ಉಮರ್ಗಾ 1948ರ ತನಕ ನಿಜಾಮರ ಹೈದರಾಬಾದಿನಲ್ಲಿದ್ದವು. 1956ರಲ್ಲಿ ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಹಳೆಯ ಚೀಟಿಯ ಮೇಲೆ ಬರೇ ‘ಹೈದರಾಬಾದ್’ ಅಂತಿದ್ರ ಅದು ಶಹರವೋ, ಸಂಸ್ಥಾನವೋ? ಬೀದರವೋ, ಉದಗೀರವೋ? ಗಡಿಯವರಾದ ನಮಗೆ ಈ ತೊಡಕು ಹೊಸದಲ್ಲ.

ಇದು ಬರೇ ಇತಿಹಾಸದ ಚರ್ಚೆಯೂ ಅಲ್ಲ. ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ. ನಮ್ಮ ದೇಶದ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ, 1978ರಲ್ಲಿ ಶುರುವಾದ ಸಂಘದಿಂದ, ಬಂದಿದೆ. ನಮ್ಮ ಹೊಲದಾಗ ಕಚ್ಚಿಸಿಕೊಂಡ ಕೂಲಿಯವನಿಗೆ ಅದು ಎಷ್ಟು ಕೆಲಸ ಮಾಡ್ತದ ಅಂತ ಕೇಳಬೇಕಾದ್ರ ಇಲ್ಲಿಯ ಹಾವು ಇಲ್ಲಿಯದು ಅಂತ ಬರೆದಿರಬೇಕು.

ಅದಕ್ಕ ನನ್ನ ಸೂಚನೆ ಇಷ್ಟು: ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳ ಸೀಸೆಗಳಿಗೆ ಹಳ್ಳಿ, ತಾಲೂಕು, ದಿನಾಂಕ, ಹಿಡಿದವರ ಹೆಸರು ಬರೆಯೋಣ. ಹಾವಿನ ಹೆಸರನ್ನು ಲ್ಯಾಟಿನ್ ಜೊತೆಗೆ ಕನ್ನಡದಾಗೂ ಮರಾಠಿಯಾಗೂ ಬರೆಯೋಣ.